ಎರಡು ಹುಣಸೆ ಬೀಜದ ಆಟಗಾರ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಡುಗೆಮನೆಯ ಡಬ್ಬಿಯಿಂದ ಇನ್ನೂರು ಹುಣಸೆ ಬೀಜ ಕಾಣೆಯಾದವು. ಚೌಕಾಬಾರ ಆಡಲೆಂದು ನಾನೇ ತೊಳೆದು ಒಣಗಿಸಿ ಇಟ್ಟಿದ್ದವು. ಹುಡುಕುತ್ತಾ ಹೊರಗೆ ಬಂದರೆ ಕಟ್ಟೆಯ ಮೇಲೆ ಓಣಿಯ ಮಕ್ಕಳೆಲ್ಲ ಕೂತಿದ್ದಾರೆ. ಬೆಂಗಳೂರಿನಿಂದ ರಜೆಗೆ ಬಂದ ನನ್ನ ಮೊಮ್ಮಗಳು ನಡುವೆ ನಿಂತು ಲಟ್ಟಣಿಗೆ ಎತ್ತಿ ಹಿಡಿದಿದ್ದಾಳೆ.

“ಏನವಾ, ಬೀಜ ಎಲ್ಲಿ ಒಯ್ದಿ?”

“ಅಜ್ಜಿ, ಸುಮ್ಮನಿರಿ, ಹರಾಜು ನಡೀತಿದೆ!”

“ಯಾತರ ಹರಾಜು?”

“ಆಟಗಾರರದ್ದು!”

ನಾನು ಭಾಗ್ಯನಗರದವಳು. ಕೊಪ್ಪಳದಿಂದ ರೈಲು ಹಳಿ ದಾಟಿದರೆ ನಮ್ಮೂರು. ಮಗ್ಗದ ಸಪ್ಪಳ ಕೇಳುತ್ತಾ ಬೆಳೆದ ಊರು ಇದು. ಜೊತೆಗೆ ಕೂದಲಿನ ಊರು ಕೂಡ. ನಿಮ್ಮ ಮನೆಗಳಲ್ಲಿ ಬಾಚಣಿಗೆಗೆ ಸಿಕ್ಕ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರಲ್ಲ, ಪಾತ್ರೆ, ಪಿನ್ನು, ಬಲೂನು ಕೊಟ್ಟು ಅದನ್ನು ಒಯ್ಯುವವರು ಬರುತ್ತಾರಲ್ಲ, ಅಂಥ ಕೂದಲು ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತದೆ. ಇಲ್ಲಿ ಅದರ ಗಂಟು ಬಿಡಿಸಿ, ತೊಳೆದು, ಒಣಗಿಸಿ, ಬಾಚಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ವಿಗ್ಗು ಮಾಡಲು ಅದು ಹೊರದೇಶಕ್ಕೂ ಹೋಗುತ್ತದೆ. ನಾನು ಇಪ್ಪತ್ತೆಂಟು ವರ್ಷ ಕೂದಲು ಬಿಡಿಸಿದವಳು. ಆಟಗಾರರ ಹರಾಜು ನನಗೆ ಹೊಸದು. ಆದರೆ ಗುಡ್ಡೆ ಕಸದಿಂದ ಬೆಲೆಬಾಳುವುದನ್ನು ಹುಡುಕುವುದು ಹೊಸದಲ್ಲ.

ಮಕ್ಕಳ ಲೆಕ್ಕ ಹೀಗಿತ್ತು. ಓಣಿಯಲ್ಲಿ ಹದಿನೈದು ಮಕ್ಕಳು. ಇಬ್ಬರು ನಾಯಕರು: ನನ್ನ ಮೊಮ್ಮಗಳು ಮತ್ತು ಪಕ್ಕದ ಮನೆಯ ಹತ್ತನೇ ತರಗತಿ ಹುಡುಗ. ಒಬ್ಬೊಬ್ಬರಿಗೂ ನೂರು ಬೀಜ. ಅದರೊಳಗೇ ಆರು ಆಟಗಾರರನ್ನು ಕೊಳ್ಳಬೇಕು. ನಾಯಕ ಸೇರಿ ಏಳು ಜನರ ಕಬಡ್ಡಿ ತಂಡ. ಯಾರಿಗೂ ಎರಡು ಬೀಜಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೊನೆಗೆ ಉಳಿದ ಒಬ್ಬ ಅಂಕ ಬರೆಯಬೇಕು.

ಮೊದಲ ಹೆಸರೇ ನಮ್ಮ ಓಣಿಯ ಪೈಲ್ವಾನನದು. ಹೆಸರು ಪೈಲ್ವಾನ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ಎಂಟನೇ ತರಗತಿಗೇ ನನಗಿಂತ ಎತ್ತರ. ಹತ್ತು, ಇಪ್ಪತ್ತು, ನಲವತ್ತು ಎಂದು ಬೆಲೆ ಏರಿತು. ನನ್ನ ಮೊಮ್ಮಗಳು ಹಿಂದೆ ಮುಂದೆ ನೋಡದೆ “ಎಪ್ಪತ್ತು!” ಎಂದು ಕೂಗಿ ಲಟ್ಟಣಿಗೆ ಕುಟ್ಟಿಸಿಬಿಟ್ಟಳು. ಉಳಿದ ಮೂವತ್ತು ಬೀಜದಲ್ಲಿ ನಾಲ್ವರನ್ನು ಕೊಳ್ಳುವಷ್ಟರಲ್ಲಿ ಇಪ್ಪತ್ತೆಂಟು ಖಾಲಿ. ಅತ್ತ ಪಕ್ಕದ ಮನೆ ಹುಡುಗ ನೂರನ್ನೂ ಹದವಾಗಿ ಹಂಚಿ ಆರು ಜನರನ್ನು ಕೊಂಡು ಕೈಕಟ್ಟಿ ಕೂತಿದ್ದ.

ಮೊಮ್ಮಗಳ ಕೈಯಲ್ಲಿ ಎರಡೇ ಬೀಜ. ಉಳಿದವರೂ ಇಬ್ಬರೇ. ಒಬ್ಬ ಹೊಸ ಬೂಟಿನ ಹುಡುಗ, ಗಾಳಿಯ ಹಾಗೆ ಓಡುವವನು. ಇನ್ನೊಬ್ಬ ಕೊನೆಮನೆಯ ಹುಡುಗ. ಸಣಕಲು ಮೈ, ಮಾತು ಕಡಿಮೆ. ಯಾರು ಆಡಿದರೂ ಅಂಕ ಬರೆಯುವವನು ಅವನೇ. ಆ ದಿನವೂ ಹಾಗೆಯೇ ಆಗುವುದೆಂದು ಅವನಿಗೆ ಖಾತ್ರಿ ಇತ್ತು ಅನ್ನಿಸುತ್ತದೆ. ಸೀಸದಕಡ್ಡಿ ಆಗಲೇ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ.

ಮೊಮ್ಮಗಳು ನನ್ನ ಹತ್ತಿರ ಓಡಿ ಬಂದು ಕಿವಿಯಲ್ಲಿ ಹೇಳಿದಳು: “ಅಜ್ಜಿ, ನನಗೆ ಒಬ್ಬ ಪವರ್ ಫಾರ್ವರ್ಡ್ ಬೇಕು. ಎರಡೇ ಬೀಜದಲ್ಲಿ!”

“ಅದ್ಯಾವ ಕಬಡ್ಡಿ ಮಾತು?”

“ಕಬಡ್ಡಿದಲ್ಲ ಅಜ್ಜಿ, ಬ್ಯಾಸ್ಕೆಟ್‌ಬಾಲ್‌ದು.”

ಅವಳು ಬೆಂಗಳೂರಿನಲ್ಲಿ ಶಾಲೆಯ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಕಟ್ಟೆಯ ಮಣ್ಣಿನ ಮೇಲೆ ಬೆರಳಿನಿಂದ ಐದು ಚುಕ್ಕಿ ಇಟ್ಟು ತೋರಿಸಿದಳು. ಆ ಆಟದಲ್ಲಿ ಒಂದು ತಂಡಕ್ಕೆ ಐದೇ ಜನ. ಹತ್ತು ಅಡಿ ಎತ್ತರದ ಬಳೆಯೊಳಗೆ ಚೆಂಡು ಹಾಕಬೇಕು. ಐವರಲ್ಲಿ ನಾಲ್ಕನೆಯ ಜಾಗದವನೇ ಪವರ್ ಫಾರ್ವರ್ಡ್. ಬಳೆಗೆ ತಾಗಿ ಪುಟಿದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಅದಕ್ಕೆ ರಿಬೌಂಡ್ ಎನ್ನುತ್ತಾರಂತೆ. ನಮ್ಮವನು ಮುಂದೆ ಹೋಗುವಾಗ ಎದುರಾಳಿಯ ದಾರಿಗೆ ಗೋಡೆಯಂತೆ ನಿಲ್ಲುವುದು, ಇನ್ನೊಬ್ಬ ಸೋತ ಜಾಗಕ್ಕೆ ಓಡಿ ತುಂಬುವುದು, ಇವೂ ಅವನವೇ.

“ಅಂದ್ರ ಸಂಸಾರದಾಗ ನಡುವಿನ ಸೊಸಿ ಇದ್ದಂಗ,” ಎಂದೆ. ನಮ್ಮ ಮನೆಯಲ್ಲಿ ನಾನೇ ನಡುವಿನ ಸೊಸೆ. ಅಡುಗೆ ಕೆಟ್ಟರೆ ಹೆಸರು ಬರುತ್ತದೆ, ಚೆನ್ನಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಕಬಡ್ಡಿಯಲ್ಲೂ ಅಂಥವನೊಬ್ಬ ಇದ್ದಾನೆ. ಅವನಿಗೆ ಕವರ್ ಎನ್ನುತ್ತಾರೆ. ಮೂಲೆಯಲ್ಲಿ ನಿಂತವನು ದಾಳಿಗಾರನ ಕಾಲು ಹಿಡಿದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಅವನ ದಾರಿ ಕಟ್ಟಿ ನೂಕುವವನು. ಕಾಲು ಮೊದಲು ಹಿಡಿದವನ ಹೆಸರಿಗೆ ಅಂಕ ಬರುತ್ತದೆ. ಕವರ್ ಬಾರದಿದ್ದರೆ ಆ ಹಿಡಿತ ಉಳಿಯುವುದೇ ಇಲ್ಲ.

“ಯಾರನ್ನ ತಗೊಳ್ಳಲಿ? ಬೂಟಿನವನು ಫಾಸ್ಟ್ ಇದಾನೆ.”

ನಾನು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಇವರ ಆಟ ನೋಡುವವಳು. ಒಂದು ಸಂಗತಿ ಗಮನಿಸಿದ್ದೆ. ದಾಳಿಗಾರ ಗೆರೆ ದಾಟಿದ ಕೂಡಲೇ ಉಳಿದವರೆಲ್ಲ ಅವನ ಕೈ ನೋಡುತ್ತಾರೆ. ಅಂಕ ಬರೆಯುವ ಹುಡುಗ ಮಾತ್ರ ಕಾಲು ನೋಡುತ್ತಾನೆ. ಇನ್ನೂ ಹಿಡಿತ ಬಿದ್ದಿರುವುದಿಲ್ಲ, ಆಗಲೇ ಅವನ ಕಣ್ಣು ಆ ಜಾಗಕ್ಕೆ ಹೋಗಿರುತ್ತದೆ. ಎರಡು ವರ್ಷ ಎಲ್ಲರ ಅಂಕ ಬರೆದು ಬರೆದು ಯಾರು ಎತ್ತ ಹೊರಳುತ್ತಾರೆ ಎಂಬುದು ಅವನಿಗೆ ಪಾಠವಾಗಿತ್ತು. ಇನ್ನೊಂದೂ ಇತ್ತು. ಅವನ ಅವ್ವ ಮನೆಯಲ್ಲೇ ಕೂದಲು ಬಿಡಿಸುತ್ತಾಳೆ. ಅವನೂ ಆಗಾಗ ಪಕ್ಕದಲ್ಲಿ ಕೂತು ಗಂಟು ಬಿಡಿಸುವುದನ್ನು ನೋಡಿದ್ದೆ. ಜಗ್ಗುವುದಿಲ್ಲ. ಎಳೆ ಎಲ್ಲಿ ಸಿಕ್ಕಿದೆ ಎಂದು ಕಂಡುಕೊಳ್ಳುವವರೆಗೆ ಕೈ ಹಾಕುವುದಿಲ್ಲ.

“ಓಡಾವ್ರು ನಿನ್ನ ಹತ್ರ ಮೂರು ಮಂದಿ ಅದಾರ,” ಎಂದೆ. “ನಿಂತು ನೋಡಾವ ಒಬ್ಬನೂ ಇಲ್ಲ.”

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಕೊನೆಮನೆ ಹುಡುಗನ ಹೆಸರು ಕೂಗಿದಳು. ಅವನು ನಂಬದೆ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನಾದರೂ ಕರೆದಳೋ ಎಂದು. ಎರಡು ಬೀಜ. ಲಟ್ಟಣಿಗೆ ಕುಟ್ಟಿತು. ಬೂಟಿನ ಹುಡುಗನ ಮುಖ ಇಳಿಯಿತು. ಆಗ ನಾನು ನಡುವೆ ಬಂದು ಒಂದು ಕಾನೂನು ಮಾಡಿದೆ: ದಿನಾ ಒಬ್ಬನೇ ಅಂಕ ಬರೆಯುವಂತಿಲ್ಲ, ಪಾಳಿ ಬದಲಾಗಬೇಕು, ಯಾರಿಗಾದರೂ ಪೆಟ್ಟಾದರೆ ಬರೆಯುವವನು ಆಟಕ್ಕೆ ಇಳಿಯಬೇಕು. ಬೀಜ ನನ್ನವು. ಹಾಗಾಗಿ ಕಾನೂನೂ ನನ್ನದೇ ನಡೆಯಿತು.

ಆ ರಾತ್ರಿ ಸೆಕೆಗೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದಾಗ ಮೊಮ್ಮಗಳು ಕೇಳಿದಳು, “ಅಜ್ಜಿ, ನಾನು ಪೈಲ್ವಾನನಿಗೆ ಎಪ್ಪತ್ತು ಕೊಟ್ಟಿದ್ದು ತಪ್ಪಾ?”

ಅವಳ ಅಜ್ಜನಿಗೆ ಕಬಡ್ಡಿ ಎಂದರೆ ಪ್ರಾಣ. ಟಿವಿಯಲ್ಲಿ ಪ್ರೊ ಕಬಡ್ಡಿ ಬಂದರೆ ಊಟದ ತಟ್ಟೆ ಆರಿ ತಣ್ಣಗಾಗುತ್ತದೆ. ಅವರೇ ಆ ರಾತ್ರಿ ಮೊಮ್ಮಗಳಿಗೆ ನಿಜವಾದ ಹರಾಜಿನ ಕಥೆ ಹೇಳಿದರು. ನಾನೂ ಕೇಳುತ್ತಾ ಮಲಗಿದ್ದೆ. ನಿಮಗೂ ಹೇಳುತ್ತೇನೆ.

ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ನಮ್ಮ ಬೆಂಗಳೂರು ಬುಲ್ಸ್ ಮೊದಲ ವರ್ಷದಿಂದಲೂ ಇರುವ ತಂಡ. ಪ್ರತಿ ತಂಡಕ್ಕೂ ಹರಾಜಿನಲ್ಲಿ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ, ನಮ್ಮ ಮಕ್ಕಳ ನೂರು ಬೀಜದ ಹಾಗೆಯೇ. 2018ರ ಹರಾಜಿನಲ್ಲಿ ಮೊದಲ ಬಾರಿಗೆ ಆಟಗಾರರ ಬೆಲೆ ಕೋಟಿ ರೂಪಾಯಿ ದಾಟಿತು. ಕೋಟಿ ಅಥವಾ ಅದಕ್ಕಿಂತ ಹೆಚ್ಚು ಬೆಲೆ ಬಂದವರು ಆರು ಮಂದಿ. ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ಮೋನು ಗೋಯತ್‌ಗೆ, 1 ಕೋಟಿ 51 ಲಕ್ಷ. ಆ ಆರು ಮಂದಿಯಲ್ಲಿ ಒಬ್ಬರೂ ಬೆಂಗಳೂರು ಬುಲ್ಸ್‌ಗೆ ಹೋಗಲಿಲ್ಲ. ಬುಲ್ಸ್ 52 ಲಕ್ಷ 80 ಸಾವಿರ ಕೊಟ್ಟು ಪವನ್ ಸೆಹ್ರಾವತ್ ಎಂಬ ಹುಡುಗನನ್ನು ಕೊಂಡಿತು. ಅವನು ಮೊದಲು ಬುಲ್ಸ್‌ನಲ್ಲೇ ಇದ್ದು, ಒಂದು ವರ್ಷ ಗುಜರಾತ್ ತಂಡಕ್ಕೆ ಹೋಗಿ ಬಂದವನು. ಅಷ್ಟು ಹೆಸರು ಮಾಡಿದವನೇನೂ ಅಲ್ಲ.

ಆ ವರ್ಷ ಪವನ್ ದಾಳಿಯಿಂದಲೇ 271 ಅಂಕ ತಂದ. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್. ಎದುರಾಳಿ ಅದೇ ಗುಜರಾತ್. ಬುಲ್ಸ್ 38, ಗುಜರಾತ್ 33. ಆ 38ರಲ್ಲಿ 22 ಅಂಕ ಪವನ್ ಒಬ್ಬನದೇ. ಬೆಂಗಳೂರಿಗೆ ಮೊದಲ ಪ್ರಶಸ್ತಿ ಬಂತು.

“ನೋಡಿದ್ಯಾ, ಅಗ್ಗದವನೇ ಗೆಲ್ಲಿಸಿದ!” ಎಂದಳು ಮೊಮ್ಮಗಳು.

“ತಡಿ, ಕಥಿ ಮುಗಿದಿಲ್ಲ,” ಎಂದರು ಅಜ್ಜ.

2022ರಲ್ಲಿ ಅದೇ ಪವನ್ ಮತ್ತೆ ಹರಾಜಿಗೆ ಬಂದ. ಈ ಸಲ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ಕೊಟ್ಟಿತು. ಒಂದು ತಂಡಕ್ಕೆ ಇದ್ದ ಒಟ್ಟು ಮಿತಿ 4 ಕೋಟಿ 40 ಲಕ್ಷ. ಲೆಕ್ಕ ಮಾಡಿ ನೋಡಿ ಮಕ್ಕಳೇ, ಒಬ್ಬನಿಗೇ ಅರ್ಧಕ್ಕಿಂತ ಹೆಚ್ಚು! ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಲೈವಾಸ್‌ನ ಮೊದಲ ಪಂದ್ಯ. ಆ ಪಂದ್ಯದಲ್ಲೇ ಪವನ್‌ನ ಮೊಣಕಾಲಿಗೆ ಪೆಟ್ಟಾಯಿತು. ಆ ವರ್ಷ ಪೂರ್ತಿ ಅವನು ಮತ್ತೆ ಆಡಲಿಲ್ಲ.

ಎಲ್ಲರೂ ತಲೈವಾಸ್ ಕಥೆ ಮುಗಿಯಿತು ಎಂದುಕೊಂಡರು. ಆದರೆ ಆ ತಂಡದಲ್ಲಿ ನರೇಂದರ್ ಎಂಬ ಹುಡುಗನಿದ್ದ. ಹೊಸ ಯುವ ಆಟಗಾರ ಎಂಬ ಕಡಿಮೆ ಸಂಬಳದ ಪಟ್ಟಿಯಲ್ಲಿ ಬಂದವನು, ಅದೇ ಅವನ ಮೊದಲ ವರ್ಷ. ಪವನ್ ಮಾಡಬೇಕಿದ್ದ ಕೆಲಸ ಅವನ ಹೆಗಲಿಗೆ ಬಿತ್ತು. ವರ್ಷ ಮುಗಿಯುವಷ್ಟರಲ್ಲಿ 240ಕ್ಕೂ ಹೆಚ್ಚು ದಾಳಿ ಅಂಕ ತಂದಿದ್ದ. ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಆ ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ದಾಳಿ ಅಂಕ ತಂದವರಲ್ಲಿ ಎರಡನೆಯವನು ಬೆಂಗಳೂರು ಬುಲ್ಸ್‌ನ ಭರತ್. ಅವನೂ ಒಂದು ವರ್ಷದ ಹಿಂದೆ ಹೊಸ ಹುಡುಗನಾಗಿಯೇ ತಂಡಕ್ಕೆ ಸೇರಿದವನು.

“ಹಾಗಾದ್ರೆ ಯಾವಾಗಲೂ ಅಗ್ಗದವರನ್ನೇ ಕೊಳ್ಳಬೇಕು!”

ಅಜ್ಜ ನಕ್ಕರು. 2024ರಲ್ಲಿ ಬುಲ್ಸ್ ತಂಡಕ್ಕೆ ಪ್ರದೀಪ್ ನರ್ವಾಲ್ 70 ಲಕ್ಷಕ್ಕೆ ಸಿಕ್ಕಿದ. ಪ್ರೊ ಕಬಡ್ಡಿಯಲ್ಲಿ ಅಷ್ಟು ದಾಳಿ ಅಂಕ ತಂದವನು ಇನ್ನೊಬ್ಬನಿರಲಿಲ್ಲ. 2021ರಲ್ಲಿ ಅವನ ಬೆಲೆ 1 ಕೋಟಿ 65 ಲಕ್ಷ ಇತ್ತು. ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂದನಲ್ಲ ಎಂದು ನಮ್ಮ ಮನೆಯಲ್ಲೂ ಸಿಹಿ ಹಂಚಿದ್ದೆವು. ಆ ವರ್ಷ ಬುಲ್ಸ್ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಒಬ್ಬನ ತಪ್ಪು ಅದಲ್ಲ, ಏಳು ಜನ ಆಡುವ ಆಟ. ಆದರೆ ಅಗ್ಗಕ್ಕೆ ಸಿಕ್ಕಿತು ಎಂಬುದು ಗೆಲುವಲ್ಲ ಎಂದು ನಮಗೆ ಗೊತ್ತಾಯಿತು. ಸಂತೆಯಲ್ಲಿ ಅಗ್ಗ ಸಿಕ್ಕಿತೆಂದು ಹೀರೇಕಾಯಿ ಹೊತ್ತು ತಂದರೆ, ಮನೆಯಲ್ಲಿ ಬೇಕಾಗಿದ್ದದ್ದು ಬದನೆಕಾಯಿ ಆಗಿರುತ್ತದಲ್ಲ, ಹಾಗೆ.

ದುಬಾರಿಯವನೂ ಬೇಡ ಎಂದಲ್ಲ. ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದಿತು. ಆ ತಂಡದಲ್ಲಿ 2 ಕೋಟಿ 35 ಲಕ್ಷಕ್ಕೆ ಬಂದ ಇರಾನಿನ ಶಾದ್ಲೂಯಿ ಇದ್ದ. ಹೊಸ ಹುಡುಗನಾಗಿ ಸೇರಿ ಅಲ್ಲೇ ಬೆಳೆದ ನಾಯಕ ಅಸ್ಲಂ ಇನಾಮದಾರ್ ಕೂಡ ಇದ್ದ. ಯಾವ ಜಾಗ ಖಾಲಿ ಇದೆ, ಅಲ್ಲಿ ಯಾವ ಕೆಲಸ ಆಗಬೇಕು, ಇದು ಮೊದಲ ಪ್ರಶ್ನೆ. ಬೆಲೆ ಆಮೇಲಿನದು.

ಆಗ ಮೊಮ್ಮಗಳು ಎದ್ದು ಕೂತಳು. “ಬ್ಯಾಸ್ಕೆಟ್‌ಬಾಲ್‌ನಲ್ಲೂ ಹೀಗೇ ಆಗಿದೆ ಅಜ್ಜಾ! ನಾನು ಹೇಳ್ತೀನಿ.”

ಅಮೆರಿಕದಲ್ಲಿ ಎನ್‌ಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್ ಇದೆ. ಅಲ್ಲೂ ತಂಡಗಳ ಸಂಬಳಕ್ಕೆ ಗೆರೆ ಇದೆ. ತೀರಾ ಮೇಲಕ್ಕೆ ಹೋದರೆ ತಂಡವೇ ಹೆಚ್ಚುವರಿ ತೆರಿಗೆ ಕಟ್ಟಬೇಕು. ಹೊಸ ಹುಡುಗರನ್ನು ಸರದಿಯ ಪ್ರಕಾರ ಆರಿಸುತ್ತಾರೆ. 2012ರಲ್ಲಿ ಹಾಗೆ ಆರಿಸುವಾಗ ಡ್ರೇಮಂಡ್ ಗ್ರೀನ್ ಎಂಬುವನನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ತೆಗೆದುಕೊಂಡದ್ದು 35ನೆಯವನಾಗಿ. ಅವನಿಗಿಂತ ಮೊದಲು 34 ಮಂದಿಯನ್ನು ಆರಿಸಿಯಾಗಿತ್ತು. ಕಾರಣ, ಪವರ್ ಫಾರ್ವರ್ಡ್ ಜಾಗಕ್ಕೆ ಅವನು ಗಿಡ್ಡ ಎಂಬುದು. ಗಿಡ್ಡ ಎಂದರೆ ಎಷ್ಟು ಗೊತ್ತೇ? ಸುಮಾರು ಆರೂವರೆ ಅಡಿ! ನಮ್ಮ ಮನೆಯ ಬಾಗಿಲಲ್ಲಿ ಬಗ್ಗಿಯೇ ಬರಬೇಕು.

2014ರಲ್ಲಿ ಆ ತಂಡದ ಪವರ್ ಫಾರ್ವರ್ಡ್ ಡೇವಿಡ್ ಲೀ. ತಂಡದಲ್ಲೇ ಹೆಚ್ಚು ಸಂಬಳದವನು, ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್. ಆಟ ಶುರುವಾಗುವ ಮೊದಲೇ ಅವನ ತೊಡೆಯ ಸ್ನಾಯುವಿಗೆ ನೋವಾಯಿತು. ಗ್ರೀನ್ ಆ ಜಾಗಕ್ಕೆ ಬಂದ. ಅವನ ಸಂಬಳ ಹತ್ತು ಲಕ್ಷ ಡಾಲರ್ ಕೂಡ ಇರಲಿಲ್ಲ, ಹದಿನೈದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ತನಗಿಂತ ಎತ್ತರದವರನ್ನು ತಡೆದ, ರಿಬೌಂಡ್ ಹಿಡಿದ, ಚೆಂಡನ್ನು ಸರಿಯಾದ ಕೈಗೆ ದಾಟಿಸಿದ. ಲೀ ಗುಣವಾಗಿ ಬಂದರೂ ಆ ಜಾಗ ಗ್ರೀನ್‌ಗೇ ಉಳಿಯಿತು. 2015ರಲ್ಲಿ ವಾರಿಯರ್ಸ್ ಪ್ರಶಸ್ತಿ ಗೆದ್ದಿತು. 1975ರ ನಂತರ, ಅಂದರೆ ನಲವತ್ತು ವರ್ಷಗಳ ಮೇಲೆ ಸಿಕ್ಕ ಗೆಲುವು.

“ಆಮ್ಯಾಲೆ ಆ ಹುಡುಗಗ ಏನ ಕೊಟ್ರು?” ಎಂದು ನಾನು ಕತ್ತಲಲ್ಲಿ ಕೇಳಿದೆ.

“ಯಾರಿಗೆ?”

“ಗೆಲ್ಲಿಸಿದನಲ್ಲ, ಆ ಅಗ್ಗದ ಹುಡುಗಗ.”

ಅವಳಿಗೆ ಅದೂ ಗೊತ್ತಿತ್ತು. ಅದೇ ಬೇಸಿಗೆಯಲ್ಲಿ ಐದು ವರ್ಷಕ್ಕೆ 8 ಕೋಟಿ 20 ಲಕ್ಷ ಡಾಲರಿನ ಹೊಸ ಒಪ್ಪಂದ ಮಾಡಿಕೊಂಡರಂತೆ. “ಹಂಗಿದ್ರ ಛಲೋ,” ಎಂದು ಮಗ್ಗುಲಾದೆ. ಆ ಪ್ರಶ್ನೆ ನನ್ನ ಬಾಯಿಗೆ ಯಾಕೆ ಬಂತೆಂದು ಆಗ ಅವಳಿಗೆ ಹೇಳಲಿಲ್ಲ.

ಮರುದಿನ ಸಂಜೆ ಮನೆಯ ಹಿಂದಿನ ಬಯಲಿನಲ್ಲಿ ಬೂದಿಯಿಂದ ಗೆರೆ ಎಳೆದು ಆಟ ಶುರುವಾಯಿತು. ಮೊದಲ ದಿನ ಪೈಲ್ವಾನ ಆರು ಅಂಕ ತಂದ, ಆದರೂ ಮೊಮ್ಮಗಳ ತಂಡ ಸೋತಿತು. ಎರಡನೆಯ ದಿನ ಪೈಲ್ವಾನನ ಪಾದ ಹೊರಳಿತು. ನಾನು ಅರಿಶಿನ ಕಲಸಿ ಹಚ್ಚಿ ಕಟ್ಟೆಯ ಮೇಲೆ ಕೂರಿಸಿದೆ. ಎಪ್ಪತ್ತು ಬೀಜ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನತೊಡಗಿತು. ಬೂಟಿನ ಹುಡುಗ ಸೀಸದಕಡ್ಡಿ ಬಿಟ್ಟು ಒಳಗೆ ಇಳಿದ. ದಾಳಿಗೆ ಹೋಗಿ ಮೂರು ಅಂಕ ತಂದ, ಪಾಪ, ಅವನೂ ಕೆಟ್ಟ ಆಟಗಾರನಲ್ಲ.

ಆದರೆ ನನ್ನ ಕಣ್ಣೆಲ್ಲ ಕೊನೆಮನೆ ಹುಡುಗನ ಮೇಲಿತ್ತು. ಅವನು ಜಿಗಿಯಲಿಲ್ಲ, ಕೂಗಲಿಲ್ಲ. ಮೂಲೆಯವನು ಕಾಲು ಹಿಡಿಯುವ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿದ್ದ. ದಾಳಿಗಾರ ಗೆರೆಯ ಕಡೆ ಹೊರಳಿದರೆ ಆ ದಾರಿಯಲ್ಲಿ ಇವನ ಎದೆ. ಸಣ್ಣ ಮೈ ನಿಜ, ಆದರೆ ಸರಿಯಾದ ಗಳಿಗೆಗೆ ಬಂದ ಸಣ್ಣ ಮೈ. ಅಂಕದ ಪುಸ್ತಕದಲ್ಲಿ ಆ ದಿನ ಅವನ ಹೆಸರಿನ ಮುಂದೆ ಒಂದೇ ಗೀಟು. ನಾನು ಎಣಿಸಿದ ಪ್ರಕಾರ ಐದು ಹಿಡಿತದಲ್ಲಿ ನಾಲ್ಕು ಅವನಿಲ್ಲದಿದ್ದರೆ ಜಾರುತ್ತಿದ್ದವು. ಐದು ದಿನದ ಆಟದಲ್ಲಿ ಮೊಮ್ಮಗಳ ತಂಡ ಮೂರು ದಿನ ಗೆದ್ದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಮುಂದಿನ ವಾರ ಮತ್ತೆ ಹರಾಜು. ಅಜ್ಜ ಮಕ್ಕಳಿಗೆ ಪ್ರೊ ಕಬಡ್ಡಿಯ ಇನ್ನೊಂದು ನಿಯಮ ಹೇಳಿಕೊಟ್ಟಿದ್ದರು. ನಿಮ್ಮ ತಂಡದಲ್ಲಿದ್ದ ಆಟಗಾರನಿಗೆ ಬೇರೆಯವರು ಎಷ್ಟೇ ಬೆಲೆ ಕೂಗಲಿ, ಕೊನೆಯ ಬೆಲೆಯನ್ನು ನೀವೇ ಕೊಡಲು ಒಪ್ಪಿದರೆ ಅವನು ನಿಮ್ಮಲ್ಲೇ ಉಳಿಯುತ್ತಾನೆ. ಅದಕ್ಕೊಂದು ಚೀಟಿ ಇರುತ್ತದೆ. ಇಬ್ಬರು ನಾಯಕರಿಗೂ ಒಂದೊಂದು ಚೀಟಿ ಸಿಕ್ಕಿತು.

ಪೈಲ್ವಾನನ ಪಾದ ಗುಣವಾಗಿತ್ತು. ಅವನ ಹೆಸರು ಮೊದಲು ಬಂತು. ಮೊಮ್ಮಗಳು ಮತ್ತೆ ಐವತ್ತೈದು ಕೊಟ್ಟಳು. ಬೂಟಿನ ಹುಡುಗನಿಗೆ ಇಪ್ಪತ್ತೇಳು. ಕೊನೆಮನೆ ಹುಡುಗನ ಹೆಸರು ಬಂದಾಗ ಎರಡರಿಂದ ಶುರು ಮಾಡೋಣ ಎಂದು ನಗುತ್ತಾ ಕೂತಿದ್ದಳು. ಪಕ್ಕದ ಮನೆ ಹುಡುಗ ನಗಲಿಲ್ಲ. ಐದು ದಿನ ಇವನ ಎದೆಗೆ ಡಿಕ್ಕಿ ಹೊಡೆದು ಅವನಿಗೆ ಬುದ್ಧಿ ಬಂದಿತ್ತು. ಒಂದೇ ಸಲಕ್ಕೆ “ಮೂವತ್ತು!” ಎಂದ.

ಕಟ್ಟೆ ನಿಶ್ಶಬ್ದವಾಯಿತು. ಮೊಮ್ಮಗಳ ಕೈಯಲ್ಲಿ ಚೀಟಿ ಇತ್ತು. ಬೀಜ ಹದಿನೆಂಟೇ ಇದ್ದವು.

ಅವಳು ಅತ್ತಳು. ಎಲ್ಲರೆದುರು ಅಲ್ಲ, ಒಳಗೆ ಬಂದು ನನ್ನ ಸೆರಗಿನಲ್ಲಿ. “ಮೊದಲು ಕಂಡುಹಿಡಿದಿದ್ದು ನಾನು ಅಜ್ಜಿ! ಅವನು ನನ್ನವನು!”

ಆಗ ಅವಳಿಗೆ ನನ್ನ ಕಥೆ ಹೇಳಿದೆ.

ನಾನು ಮೊದಲು ಕೂದಲಿನ ಕೆಲಸಕ್ಕೆ ಸೇರಿದಾಗ ಎಲ್ಲರಿಗಿಂತ ಕಡಿಮೆ ಕೂಲಿ. ಹೊಸಬಳು, ಕೆಲಸ ಬಾರದು, ಸರಿಯೇ. ಒಂದು ವರ್ಷದೊಳಗೆ ಕೈ ಪಳಗಿತು. ಎಂಟು ಇಂಚಿನ ಕಟ್ಟು ಯಾವುದು, ಹತ್ತು ಇಂಚಿನದು ಯಾವುದು ಎಂದು ಅಳತೆಪಟ್ಟಿ ಇಲ್ಲದೆ ಬೆರಳಿಗೇ ಗೊತ್ತಾಗುತ್ತಿತ್ತು. ಬಿಡಿಸಲಾಗದ ಗಂಟು ಬಂದರೆ ಎಲ್ಲರೂ ನನ್ನ ಮುಂದೆ ತಂದಿಡುತ್ತಿದ್ದರು. ನಮ್ಮ ಮಾಲೀಕರು ಬಂದವರ ಮುಂದೆ ನನ್ನನ್ನು ತೋರಿಸಿ, “ನೋಡ್ರಿ, ಎಷ್ಟು ಅಗ್ಗಕ್ಕ ಎಂಥಾ ಕೈ ಸಿಕ್ಕೈತಿ ನಮಗ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೂ ಮೊದಮೊದಲು ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು. ನಾಲ್ಕು ವರ್ಷ ಕಳೆದರೂ ಕೂಲಿ ಏರಲಿಲ್ಲ. ಕೇಳಿದೆ. “ನಿಂದು ಹಳೇ ರೇಟು” ಎಂದರು. ಒಂದು ಸೋಮವಾರ ನಾನು ಬೇರೆ ಗೋದಾಮಿಗೆ ಹೋದೆ. ಅಲ್ಲಿ ಒಂದೂವರೆ ಪಟ್ಟು ಕೊಟ್ಟರು. ಹಳೆಯ ಮಾಲೀಕರು ದಾರಿಯಲ್ಲಿ ಸಿಕ್ಕಾಗ, “ನಿನ್ನ ಕೈ ಮೊದಲು ಗುರುತಿಸಿದಾವ ನಾನವಾ” ಎಂದು ನೊಂದುಕೊಂಡರು. ಸುಳ್ಳಲ್ಲ, ಗುರುತಿಸಿದ್ದು ಅವರೇ. ಗುರುತಿಸಿ ಹಾಗೇ ಇಟ್ಟರು.

ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಹಾಗಾದ್ರೆ ಅಗ್ಗದ ಆಟಗಾರನನ್ನ ಹುಡುಕೋದೇ ತಪ್ಪಾ?”

“ಹುಡುಕೋದು ತಪ್ಪಲ್ಲ. ಯಾರೂ ನೋಡದವನ್ನ ನೀ ನೋಡಿದಿ, ಅದು ದೊಡ್ಡ ಕೆಲಸ. ಆದ್ರ ಅಂವಾ ಏನಂಬೋದು ಗೊತ್ತಾದ ಮ್ಯಾಲೂ ಎರಡ ಬೀಜ ಅಂದ್ಯಲ್ಲ, ಅದು ತಪ್ಪು. ಪೈಲ್ವಾನಗ ಹೋದ ವಾರದ ಹೆಸರಿಗೆ ಐವತ್ತೈದು ಕೊಟ್ಟಿ. ಇವನಿಗೆ ಹೋದ ವಾರದ ಕೆಲಸಕ್ಕ ಏನೂ ತೆಗೆದಿಡಲಿಲ್ಲ.”

ಹೊರಗೆ ಬಂದಾಗ ಕೊನೆಮನೆ ಹುಡುಗ ಇನ್ನೂ ಅಲ್ಲೇ ನಿಂತಿದ್ದ. ಅವನ ಹೊಸ ನಾಯಕ ಅವನಿಗೆ ಮೂವತ್ತು ಬೀಜವನ್ನೂ ಕೈಗೇ ಕೊಟ್ಟುಬಿಟ್ಟಿದ್ದ. ಹುಡುಗ ಅವನ್ನು ಅಂಗಿಯ ಜೇಬಿಗೆ ತುಂಬಿ, ಬೀಳದಂತೆ ಕೈ ಮುಚ್ಚಿಕೊಂಡಿದ್ದ. ಮೊಮ್ಮಗಳನ್ನು ಕಂಡು, “ಅಕ್ಕಾ, ನಿಮ್ಮ ಬಲಗಡೆ ಮೂಲಿಯಾವ ಬೇಗ ಹಿಡೀತಾನ. ಒಂದೀಟು ತಡದು ಹಿಡಿ ಅಂತ ಹೇಳ್ರಿ” ಎಂದ. ಎದುರಾಳಿ ತಂಡಕ್ಕೆ ಹೋದವನು ಹಳೆಯ ತಂಡಕ್ಕೆ ಗುಟ್ಟು ಹೇಳಿ ಹೋದ. ಅದಕ್ಕೆ ಎಷ್ಟು ಬೀಜ ಬೆಲೆ ಕಟ್ಟುವುದು?

ಆ ವಾರ ಮೊಮ್ಮಗಳ ತಂಡ ಒಂದೇ ದಿನ ಗೆದ್ದಿತು, ನಾಲ್ಕು ದಿನ ಸೋತಿತು. ಆದರೆ ಮೂರನೆಯ ವಾರದ ಹರಾಜಿನಲ್ಲಿ ಅವಳು ಮೊದಲ ಹೆಸರಿಗೆ ಕೈ ಎತ್ತಲಿಲ್ಲ. ಹಿಂದಿನ ಐದು ದಿನ ಅಂಕದ ಪುಸ್ತಕದಲ್ಲಿ ಒಂದು ಹೊಸ ಸಾಲು ಎಳೆದು, ಹಿಡಿತಕ್ಕೆ ನೆರವಾದವರ ಹೆಸರನ್ನೂ ಬರೆಸಿದ್ದಳು. ಆ ಪುಸ್ತಕ ನೋಡಿಕೊಂಡು ಬೀಜ ಎಣಿಸಿದಳು.

ರಜೆ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಒಂದು ಭಾನುವಾರ ಫೋನ್ ಮಾಡಿದಳು. ಶಾಲೆಯ ತಂಡದಲ್ಲಿ ಅವಳನ್ನು ನಾಲ್ಕನೆಯ ಜಾಗಕ್ಕೆ ಹಾಕಿದ್ದಾರಂತೆ. “ಪಾಯಿಂಟ್ ಎರಡೇ ಬಂತು ಅಜ್ಜಿ. ಆದ್ರೆ ಒಂಬತ್ತು ರಿಬೌಂಡ್! ಯಾರೂ ಬರೀಲಿಲ್ಲ, ನಾನೇ ಎಣಿಸಿಕೊಂಡೆ.”

“ನಾ ಬರಕೋತೀನಿ ಹೇಳು,” ಎಂದೆ. ಕ್ಯಾಲೆಂಡರಿನ ಆ ಭಾನುವಾರದ ಮನೆಯಲ್ಲಿ ಒಂಬತ್ತು ಎಂದು ಬರೆದಿಟ್ಟೆ.

ಮಕ್ಕಳೇ, ಈ ಸಲ ರಜೆಯಲ್ಲಿ ತಂಡ ಆರಿಸುವಾಗ, ಅಂಕ ಬರೆಯುತ್ತಾ ಕೂತವನನ್ನೂ ಒಮ್ಮೆ ನೋಡಿ. ಅಜ್ಜ ಅಜ್ಜಿಯರೇ, ಕಟ್ಟೆಯ ಮೇಲೆ ಕೂತು ಆಟ ನೋಡುವಾಗ ಯಾರು ಗೆದ್ದರು ಎನ್ನುವುದರ ಜೊತೆಗೆ ಯಾರು ಎಲ್ಲಿ ನಿಂತಿದ್ದರು ಎಂಬುದನ್ನೂ ನೆನಪಿಟ್ಟುಕೊಳ್ಳಿ. ಮೊಮ್ಮಕ್ಕಳು ಬಂದು ಕೇಳುತ್ತಾರೆ. ನಮ್ಮ ಮನೆಯ ಡಬ್ಬಿಯಲ್ಲಿ ಈಗ ಹುಣಸೆ ಬೀಜ ಇನ್ನೂರು ಇಲ್ಲ. ಮೂವತ್ತು ಕಡಿಮೆ ಇವೆ. ನಾನು ವಾಪಸು ಕೇಳಿಲ್ಲ.